ಗಾಲಿಗೆ ಹಾಕಿದ ನೀರು

ಮೊನ್ನೆ ನಾನು ರೊಟ್ಟಿ ಬಡಿಯುತ್ತ ಕುಳಿತಾಗ ಮೊಮ್ಮಗಳ ಕೈ ತಾಗಿ ಚೊಂಬಿನ ನೀರು ಹಂಚಿನ ಮೇಲೆ ಚೆಲ್ಲಿತು. ಹಂಚು ಚುಂಯ್ ಎಂದಿತು, ಬಿಳಿ ಹಬೆ ಎದ್ದು ಮುಖಕ್ಕೆ ಬಡಿಯಿತು. ಕಾದ ಕಬ್ಬಿಣದ ಮೇಲೆ ನೀರು ಬಿದ್ದರೆ ಬರುವ ವಾಸನೆಯೇ ಬೇರೆ. ಅದು ಮೂಗಿಗೆ ಹೋದದ್ದೇ ನನ್ನ ಕೈ ನಿಂತಿತು.

"ಯಾಕ ಆಯಿ, ಸುಟ್ಟಿತೇನು?" ಎಂದು ಹುಡುಗಿ ಕೇಳಿದಳು.

"ಇಲ್ಲ. ಹಂಚು ಕೆಳಗ ಇಳಸು, ಹೊಗಿ ಹೋಗ್ಲಿ," ಎಂದೆ.

ನನಗೆ ನೆನಪಾದದ್ದು ನನ್ನ ತಂಗಿಯ ಮಗಳು ರೇಣುಕಾ ಚೊಚ್ಚಲ ಹೆರಿಗೆಗೆಂದು ಸುರಪುರದ ತವರಿಗೆ ಬಂದಿದ್ದ ಬೇಸಿಗೆ. ಆ ಬೇಸಿಗೆಯಲ್ಲಿ ನಾನು ಬೆಚ್ಚಿಬಿದ್ದಷ್ಟು ಸಲ ಗಂಡ ಸತ್ತ ವರ್ಷವೂ ಬೆಚ್ಚಿಬಿದ್ದಿರಲಿಲ್ಲ. ಅವನಿಗೆ ಬಹಳ ದಿನದ ಜಡ್ಡು, ಹೋಗುತ್ತಾನೆಂಬುದು ಗೊತ್ತಿತ್ತು. ಇದು ಹಾಗಲ್ಲ.

ನಮ್ಮದು ಶಹಾಪುರ. ಮನೆಯ ಮುಂದೆಯೇ ರಸ್ತೆಗೆ ಹೊಂದಿಕೊಂಡು ಒಂದು ತಗಡಿನ ಶೆಡ್ಡು. ಅದನ್ನು ನನ್ನ ಗಂಡ ಮತ್ತು ರಫೀಕನ ಅಪ್ಪ ಕೂಡಿ ಹಾಕಿದ್ದು. ಎಡಕ್ಕೆ ನಮ್ಮ ಗ್ಯಾರೇಜು, ಬಲಕ್ಕೆ ಕಬ್ಬಿಣ ಹೆರೆಯುವ ಅವರ ಲೇತ್ ಮಷೀನು, ನಡುವೆ ಗೋಡೆ ಇಲ್ಲ. ಅವರಿಬ್ಬರೂ ಹೋದ ಮೇಲೆ ನನ್ನ ಮಗ ಶರಣಪ್ಪ ಎಡಕ್ಕೆ ನಿಂತ, ರಫೀಕ ಬಲಕ್ಕೆ ನಿಂತ. ಇವನು ಬಿಚ್ಚಿ ತೆಗೆದ ಸಾಮಾನನ್ನು ಅವನು ಲೇತಿಗೆ ಹಾಕಿ ಹೆರೆದು ಕೊಡುತ್ತಿದ್ದ. ಚಹಾ ಮಾತ್ರ ನನ್ನ ಒಲೆಯಿಂದ. ಇಬ್ಬರೂ ಸಣ್ಣವರಿದ್ದಾಗ ಒಂದೇ ಬಸಿಯಲ್ಲಿ ಚಹಾ ಹೀರಿದವರು. ರಫೀಕ ತನ್ನ ಮನೆಯಲ್ಲಿ ಉರ್ದು ಆಡಿದರೂ ನನಗೆ ಅವ್ವ ಎಂದೇ ಕರೆಯುತ್ತಾನೆ.

ರೇಣುಕಾ ನನ್ನ ತಂಗಿ ಮಾನಮ್ಮನ ಮಗಳು. ಅವಳನ್ನು ಯಾದಗಿರಿಗೆ ಕೊಟ್ಟಿದ್ದೆವು. ಗಂಡ ವೀರೇಶಪ್ಪನದು ಸಿಮೆಂಟಿನ ಅಂಗಡಿ, ತಲೆ ತುಂಬ ಕಾರಿನ ಹುಚ್ಚು. ಉಗಾದಿ ಮುಗಿದು ಸ್ವಲ್ಪ ದಿನಕ್ಕೆ ಹೈದರಾಬಾದಿನಿಂದ ಯಾರೋ ಓಡಿಸಿ ಬಿಟ್ಟ ಹಳದಿ ಕಾರೊಂದನ್ನು ತಂದು, ಮೊದಲು ಸುರಪುರದ ಅತ್ತೆಮನೆಗೆ ಒಯ್ದು ತೋರಿಸಿದ. ಎರಡೇ ಬಾಗಿಲು. ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದ ಹಾಗೆ ಇತ್ತು. ನಮ್ಮ ಶೆಡ್ಡಿನ ಮುಂದೆ ತಂದು ನಿಲ್ಲಿಸಿದಾಗ ಚಹಾ ಕುಡಿಯುವವರೆಲ್ಲ ಎದ್ದು ಬಂದು ಸುತ್ತ ನಿಂತರು.

"ಅಳಿಯಂದ್ರ, ಇದರಾಗ ಕೂಡೂದರಿ, ಮಕ್ಕೊಳ್ಳೂದರಿ?" ಎಂದೆ.

"ಕೂಡೂದು ದೊಡ್ಡವ್ವ. ಕೂತ್ರ ಹಾರ್ತದ ಇದು," ಎಂದ ವೀರೇಶಪ್ಪ.

"ಹಾರೂದು ಇರ್ಲಿ. ನಿಲ್ತದೇನು?"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಶರಣಪ್ಪನ ಕಡೆ ತಿರುಗಿ, "ಅದಕ್ಕ ಬಂದೀನಿ ಅಣ್ಣ. ನಿಲ್ತದ. ಆದ್ರ ಬ್ರೇಕ್ ಒತ್ತಿದ್ರ ಪೆಡಲ್ ಕಾಲಿಗೆ ಒದಿತದ. ನಾಡಿ ಹೊಡಕೊಂಡಂಗ ಢಬ್ ಢಬ್ ಢಬ್. ಜೋರ ಇದ್ದಾಗ ಒತ್ತಿದ್ರ ಸ್ಟೇರಿಂಗೂ ಅಳ್ಳಾಡ್ತದ. ತಂದಾಗ ಬೆಣ್ಣಿ ಹಂಗ ಇತ್ತು," ಎಂದ.

ಶರಣಪ್ಪ ತಾನೇ ಓಡಿಸಿಕೊಂಡು ಹೋಗಿ ಬಂದ. ಬಂದವನ ಮುಖ ಸಪ್ಪಗಿತ್ತು. ಗಾಲಿಗಳ ನಟ್ಟು ಒಂದು ಬಿಗಿ ಒಂದು ಸಡಿಲ ಇದ್ದರೆ ಹೀಗಾಗುತ್ತದೆಂದು ಎಲ್ಲವನ್ನೂ ಬಿಚ್ಚಿ ಒಂದೇ ಸಮನೆ ಬಿಗಿದ. ಒದೆತ ಹೋಗಲಿಲ್ಲ. ಬೇರಿಂಗ್ ಸವೆದಿದೆಯೇನೋ ಎಂದು ಜಾಕ್ ಹಚ್ಚಿ ಎತ್ತಿ ಗಾಲಿ ಅಲುಗಾಡಿಸಿ ನೋಡಿದ. ಸವೆದಿರಲಿಲ್ಲ. ಆಮೇಲೆ ಮುಂದಿನ ಗಾಲಿ ಕಳಚಿದ. ಆಗ ನಾನು ಬ್ರೇಕಿನ ಡಿಸ್ಕನ್ನು ಹತ್ತಿರದಿಂದ ಕಂಡೆ. ನಮ್ಮ ರೊಟ್ಟಿ ಹಂಚಿನಷ್ಟು ದೊಡ್ಡ ಕಬ್ಬಿಣದ ಬಿಲ್ಲೆ. ಗಾಲಿಯ ಜೊತೆ ಅದು ತಿರುಗುತ್ತದೆ, ಬ್ರೇಕ್ ಒತ್ತಿದಾಗ ಎರಡು ಕಡೆಯಿಂದ ಪ್ಯಾಡುಗಳು ಬಂದು ಅದನ್ನು ಹಿಡಿಯುತ್ತವೆ. ಉಳಿದ ಕಾರುಗಳಲ್ಲಿ ಅದು ಗಾಲಿಯ ತಗಡಿನ ಹಿಂದೆ ಅಡಗಿರುತ್ತದೆ. ಇದರ ಗಾಲಿಗೆ ಸಪೂರ ಕಡ್ಡಿಗಳು ಮಾತ್ರ. ಸಂದಿಯಿಂದ ಡಿಸ್ಕು ಪೂರ್ತಿ ಕಾಣುತ್ತದೆ.

ಶರಣಪ್ಪ ಗಡಿಯಾರದಂಥ ಒಂದು ಗೇಜ್ ತಂದು, ಅದರ ಮೊನೆಯನ್ನು ಡಿಸ್ಕಿಗೆ ತಾಗಿಸಿ, ಡಿಸ್ಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ. ಗೇಜಿನ ಮುಳ್ಳು ಸುಮ್ಮನಿದ್ದದ್ದು ಒಂದು ಜಾಗ ಬಂದಾಗ ಎದ್ದು ಕುಣಿಯಿತು. ಮತ್ತೆ ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಅದೇ ಜಾಗದಲ್ಲಿ ಕುಣಿತ.

"ಡಿಸ್ಕ್ ಒಂದ ಕಡಿ ಉಬ್ಯಾದ," ಎಂದ. "ಏ ರಫೀಕ, ಹೆರದು ಕೊಡೋ."

ರಫೀಕ ಡಿಸ್ಕುಗಳನ್ನು ಲೇತಿಗೆ ಕಟ್ಟಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದ. ಶರಣಪ್ಪ ತಿರುಗಿ ಕೂಡಿಸಿ ಗೇಜ್ ಇಟ್ಟ. ಮುಳ್ಳು ಅಲುಗಲಿಲ್ಲ. ವೀರೇಶಪ್ಪ ಓಡಿಸಿ ನೋಡಿ, ಬೆಣ್ಣೆಯೇ ಎಂದು ಹೇಳಿ ಹೋದ. ಅದೇ ವಾರ ರೇಣುಕಾಳನ್ನು ಜೀಪಿನಲ್ಲಿ ಸುರಪುರಕ್ಕೆ ಕರೆತಂದರು. ಆಮೇಲೆ ಅವನು ವಾರವಾರವೂ ಅತ್ತೆಮನೆಗೆ ಹೊರಟ. ಯಾದಗಿರಿಯಿಂದ ಭೀಮಾ ದಾಟಿ, ನಮ್ಮ ಶೆಡ್ಡಿನ ಮುಂದೆಯೇ ಹಾರ್ನ್ ಹೊಡೆದುಕೊಂಡು ಸುರಪುರಕ್ಕೆ ಹೋಗುತ್ತಿದ್ದ.

ಬಿಸಿಲು ಏರಿತು. ಗುಡ್ಡದ ಬಂಡೆಗಳು ದೀಪ ಹಚ್ಚುವ ಹೊತ್ತಿನವರೆಗೂ ಕಾವು ಕಾರುತ್ತಿದ್ದವು. ಶೆಡ್ಡಿನ ತಗಡಿನ ಕೆಳಗೆ ನಟ್ಟು ಬಿಚ್ಚುವ ಪಾನಾ ಮುಟ್ಟಿದರೆ ಕೈ ಸುಡುತ್ತಿತ್ತು. ಹಳದಿ ಕಾರು ತಿರುಗಿ ಬಂತು. ಅದೇ ಕುಣಿತ. ಶರಣಪ್ಪ ನಂಬಲಿಲ್ಲ, ಮುಳ್ಳು ನಂಬಿಸಿತು. ರಫೀಕ ಇನ್ನೊಂದು ಸಲ ಹೆರೆದ. "ಇನ್ನ ಹೆರಿಯಾಕ ಬರಂಗಿಲ್ಲ ಶರಣು. ಇದಕ್ಕಿಂತ ತೆಳ್ಳಗ ಆದ್ರ ಒಡಿತದ," ಎಂದು ಮೊದಲೇ ಹೇಳಿದ. ಗೇಜಿಟ್ಟರು, ಸರಿ ಇತ್ತು. ಕಾರು ಹೋಯಿತು. ಸ್ವಲ್ಪ ದಿನಕ್ಕೆ ಅದೂ ಕೆಟ್ಟು ತಿರುಗಿ ಬಂತು.

ಆ ದಿನ ಮಾನಮ್ಮ ಮುಂಜಾನೆಯೇ ಫೋನ್ ಮಾಡಿ ಶರಣಪ್ಪನನ್ನು ಬೈದಿದ್ದಳು. "ನೋವು ಬಂದಾಗ ನನ್ನ ಮಗಳನ್ನ ಇದ ಕಾರಿನ್ಯಾಗ ದವಾಖಾನಿಗೆ ಒಯ್ಯವರು. ಮನಿ ಮಗ ಇದ್ದೀ, ಒಂದ ಬ್ರೇಕ್ ಮಾಡಾಕ ಬರವಲ್ದೇನು ನಿನಗ?" ಅದು ಅವನ ತಲೆಯಲ್ಲಿ ಕುದಿಯುತ್ತಿತ್ತು. ಕಾರು ಬಂದು ನಿಂತದ್ದೇ ಗಾಲಿ ಕಳಚಿದ, ಗೇಜಿಟ್ಟ, ಮುಳ್ಳು ಕುಣಿಯಿತು. ಶೆಡ್ಡಿನ ಮುಂದೆ ಟ್ರ್ಯಾಕ್ಟರಿನವರು, ಚಹಾಕ್ಕೆ ಬಂದವರು, ವೀರೇಶಪ್ಪ, ಎಲ್ಲರೂ ಇದ್ದರು. ಎಲ್ಲರ ಮುಂದೆ ಶರಣಪ್ಪ ಗೇಜನ್ನು ಬೆಂಚಿನ ಮೇಲೆ ಕುಕ್ಕಿದ.

"ಏನ್ ಹೆರಿತೀಯೋ ನೀನು? ಒಂದ ಕಡಿ ಹೆಚ್ಚು, ಒಂದ ಕಡಿ ಕಡಿಮಿ."

"ನೀನ ಮುಳ್ಳಿಟ್ಟು ನೋಡಿ ಒಯ್ದೀಯಲ್ಲೋ. ಆಗ ಕುಣೀಲಿಲ್ಲ," ಎಂದ ರಫೀಕ.

"ಆಗ ಕುಣೀಲಿಲ್ಲ, ಈಗ ಯಾಕ ಕುಣ್ಯಾಕತ್ತದ? ನಿನ್ನ ಕೈ ನಡಗಾಕತ್ತದ ರಫೀಕ. ವಯಸ್ಸಾತು ನಿನಗ. ಒಪ್ಪಿಕೋ."

ನನ್ನ ಕೈಯಲ್ಲಿ ಚಹಾದ ಕಿಟ್ಲಿ ಇತ್ತು. ನಾನು ನಿಂತಲ್ಲೇ ನಿಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಬಾಯಿಂದ ಅಂಥ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಲೇತಿನವನಿಗೆ ಕೈ ನಡುಗುತ್ತದೆ ಎಂದು ಹತ್ತು ಮಂದಿಯ ಮುಂದೆ ಹೇಳುವುದೂ ಒಂದೇ, ಅವನ ಅಂಗಡಿಗೆ ಕೀಲಿ ಜಡಿಯುವುದೂ ಒಂದೇ.

ರಫೀಕ ಎರಡೂ ಕೈಗಳನ್ನು ಮುಂದೆ ಚಾಚಿ ನನ್ನ ಕಡೆ ತಿರುಗಿದ. "ಅವ್ವ, ನೀವ ನೋಡ್ರಿ," ಎಂದ. ಕೈಗಳು ಕಲ್ಲಿನ ಹಾಗೆ ನಿಂತಿದ್ದವು. ನಾನು "ಇಲ್ಲೋ, ನಡಗವಲ್ದು" ಎಂದೆ. ಅಷ್ಟರಲ್ಲಿ ಮಂದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ರಫೀಕ ಲೇತಿನ ಮೇಲೆ ತಾಡಪತ್ರಿ ಹೊದಿಸಿ, ಹಗ್ಗ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆಂದು ಅವನ ಹೆಂಡತಿ ಹೇಳಿದಳು. ಮಳೆ ಬೀಳುವುದರೊಳಗೆ ಲೇತನ್ನೂ ಒಯ್ಯುವುದಾಗಿ ಹೇಳಿ ಕಳಿಸಿದ್ದ.

ಶರಣಪ್ಪ ಹಟಕ್ಕೆ ಬಿದ್ದ. ಒಯ್ಯುವವನು ಒಯ್ಯಲಿ ಎಂದು ಶೆಡ್ಡಿನ ನಡುವೆ ಇಟ್ಟಂಗಿ ತರಿಸಿ ಗೋಡೆ ಕಟ್ಟಲು ಹಚ್ಚಿದ. ಅಪ್ಪಂದಿರು ಕಟ್ಟದ ಗೋಡೆ. ಅದು ನನ್ನ ಸೊಂಟದವರೆಗೆ ಬಂದಾಗ ವೀರೇಶಪ್ಪ ಹೈದರಾಬಾದಿನಿಂದ ಹೊಸ ಡಿಸ್ಕು, ಹೊಸ ಪ್ಯಾಡು ತರಿಸಿದ. ಶರಣಪ್ಪ ಹಳೆಯದನ್ನೆಲ್ಲ ಕಿತ್ತು, ಡಿಸ್ಕು ಕೂಡುವ ಜಾಗದ ತುಕ್ಕನ್ನು ತಿಕ್ಕಿ ತೆಗೆದು, ಹೊಸದನ್ನು ಹಾಕಿದ. ಮುಳ್ಳು ಸತ್ತ ಹಾಗೆ ಮಲಗಿತು.

"ನೋಡಿದಿ ಅವ್ವ? ಹೊಸಾದು ಹಾಕಿದ್ ಕೂಡ್ಲೆ ಎಲ್ಲಾ ಸರಿ ಆತು. ತಪ್ಪು ಯಾರದು ಅಂತ ಈಗರ ತಿಳೀತಿಲ್ಲ?" ಎಂದ.

"ಸುರಪುರಕ್ಕ ಹೋಗಿ ಬಾ, ಆಮೇಲೆ ಮಾತಾಡು," ಎಂದೆ. ನನಗೇನೂ ತಿಳಿದಿರಲಿಲ್ಲ. ಅವನ ಜಂಬ ನೋಡಿ ಸಿಟ್ಟು ಬಂದು ಅಂದದ್ದು.

ಮರುದಿನ ವೀರೇಶಪ್ಪ ಸುರಪುರಕ್ಕೆ ಹೊರಟಾಗ, ಬ್ರೇಕ್ ಸರಿಯಾದದ್ದನ್ನು ಮಾನಮ್ಮನಿಗೆ ತೋರಿಸಿ ಬರುತ್ತೇನೆಂದು ಶರಣಪ್ಪನೂ ಕಾರು ಹತ್ತಿದ. ನಾನೂ ರೇಣುಕಾಳನ್ನು ನೋಡಬೇಕಿತ್ತು. ಹಿಂದೆ ಸೀಟು ಎಂದು ಗೋಡೆಯ ಗೂಡಿನಂಥ ಒಂದು ಮಾಡು ಇತ್ತು, ಅದರಲ್ಲಿ ಮೊಣಕಾಲು ಗದ್ದಕ್ಕೆ ಹಚ್ಚಿಕೊಂಡು ಕುಳಿತೆ. ವೀರೇಶಪ್ಪ ಓಡಿಸಿದ್ದು ಓಡಿಸುವುದಲ್ಲ. ಊರು ಬಂದಾಗೊಮ್ಮೆ, ರಸ್ತೆಯ ಹಂಪು ಬಂದಾಗೊಮ್ಮೆ ಹಾರಿ ಬಂದು ಗಕ್ಕನೆ ಬ್ರೇಕ್ ಒತ್ತುವುದು. ಸುಟ್ಟ ವಾಸನೆ ಒಳಗೆ ಬರುತ್ತಿತ್ತು. ಆದರೂ ಪೆಡಲು ಒದೆಯಲಿಲ್ಲ.

"ಬೆಣ್ಣಿ ಅಣ್ಣ, ಬೆಣ್ಣಿ," ಎಂದು ವೀರೇಶಪ್ಪ ಹೇಳುತ್ತಲೇ ಇದ್ದ. ಶರಣಪ್ಪ ಕಿಟಕಿಯಲ್ಲಿ ಮೊಣಕೈ ಇಟ್ಟು ನವಾಬನ ಹಾಗೆ ಕುಳಿತಿದ್ದ.

ಮಾನಮ್ಮನ ಮನೆ ಸುರಪುರದಲ್ಲಿ ಬಂಡೆ ಏರಿನ ಓಣಿಯಲ್ಲಿದೆ. ಕಾರು ಏರಿ ಬಾಗಿಲ ಮುಂದೆ ನಿಂತಿತು. ಹಿಂದೆ ಸರಿಯಬಾರದೆಂದು ವೀರೇಶಪ್ಪ ಬ್ರೇಕ್ ಮೇಲೆ ಕಾಲು ಒತ್ತಿ ಹಿಡಿದು ಕುಳಿತ.

"ಇಳೀರಿ," ಎಂದೆ ನಾನು. ಕಾಲು ಜೋಮು ಹಿಡಿದಿತ್ತು.

"ತಡೀರಿ ದೊಡ್ಡವ್ವ. ಅತ್ತಿ ನೀರು ಹಾಕದ ಇಳದ್ರ ಬೈತಾರ."

ಮಾನಮ್ಮ ಗಡಿಗೆ ಹೊತ್ತು ಹೊರಗೆ ಬಂದಳು. ಅಳಿಯ ಬಂದಾಗ ದಾರಿಯ ದೃಷ್ಟಿ ಕಳೆಯಲೆಂದು ಗಾಲಿಗೆ ನೀರು ಹಾಕಿಯೇ ಇಳಿಸಿಕೊಳ್ಳಬೇಕು. ಬಂಡಿಯ ಕಾಲದಿಂದ ನಮ್ಮಲ್ಲಿ ನಡೆದದ್ದು, ನನ್ನ ಮದುವೆಯಲ್ಲೂ ಹಾಕಿದ್ದರು. ಆದರೆ ಉಳಿದವರು ಒಂದು ತಂಬಿಗೆ ಹಾಕಿ ಮುಗಿಸುತ್ತಾರೆ, ಮಾನಮ್ಮ ಹಾಗಲ್ಲ. ಅವಳ ಗಂಡ ಕೆಂಭಾವಿ ಸಂತೆಯಿಂದ ಬರುವಾಗ ಟ್ರ್ಯಾಕ್ಟರು ಮಗುಚಿ ಸತ್ತ. ಹಿಂದಿನ ಸಲ ಅವನು ಮನೆಗೆ ಬಂದಾಗ ತಾನು ಗಾಲಿಗೆ ನೀರು ಹಾಕಲಿಲ್ಲ, ಅದಕ್ಕೇ ಹಾಗಾಯಿತು ಎಂಬುದು ಅವಳ ತಲೆಯಲ್ಲಿ ಕುಳಿತುಬಿಟ್ಟಿದೆ. ಅಂದಿನಿಂದ ಗಡಿಗೆಗಟ್ಟಲೆ.

ಆ ದಿನ ಅವಳು ಬಗ್ಗಿ ಮುಂದಿನ ಗಾಲಿಗೆ ತಣ್ಣನೆಯ ನೀರು ಸುರಿದಳು. ಕಡ್ಡಿಗಳ ಸಂದಿಯಿಂದ ನೀರು ನೆಟ್ಟಗೆ ಡಿಸ್ಕಿನ ಮೇಲೆ ಬಿತ್ತು.

ಚುಂಯ್!

ಹಬೆ ಎದ್ದು ಕಿಟಕಿಯವರೆಗೆ ಬಂತು. ಶರಣಪ್ಪ ಮೊಣಕೈ ಒಳಗೆ ಎಳೆದುಕೊಂಡ. ಮಾನಮ್ಮ ಆ ಕಡೆಯ ಗಾಲಿಗೆ ಹೋದಳು. ಮತ್ತೆ ಚುಂಯ್. ವೀರೇಶಪ್ಪ ನಗುನಗುತ್ತ ಬ್ರೇಕ್ ಒತ್ತಿಕೊಂಡೇ ಇದ್ದ. ಶರಣಪ್ಪ ಕಿಟಕಿಯಿಂದ ಬಗ್ಗಿ ಗಾಲಿ ನೋಡಿದ.

"ಪ್ರತಿ ಸಲ ಹಿಂಗ ಹಾಕ್ತಾರೇನು?" ಎಂದ.

"ಪ್ರತಿ ಸಲ."

"ನೀ ಹಿಂಗ ಒತ್ತಿ ಹಿಡದಿರ್ತೀ?"

"ಮತ್ತ? ಬಿಟ್ರ ಹಿಂದ ಹೋಗ್ತದಲ್ಲ ಅಣ್ಣ."

ಶರಣಪ್ಪ ಇಳಿಯಲಿಲ್ಲ. "ಗಾಡಿ ತಿರುಗಿಸು" ಎಂದ. ಮಾನಮ್ಮ ಗಡಿಗೆ ಹಿಡಿದು ಬಾಯಿ ತೆರೆದು ನೋಡುತ್ತಿದ್ದ ಹಾಗೇ ನಾವು ಓಣಿ ಇಳಿದು ದೊಡ್ಡ ರಸ್ತೆಗೆ ಬಂದೆವು. ವೀರೇಶಪ್ಪ ಜೋರು ಮಾಡಿ ಬ್ರೇಕ್ ಒತ್ತಿದ. ಢಬ್ ಢಬ್ ಢಬ್. ಹಿಂದೆ ಮಾಡಿನಲ್ಲಿ ಕುಳಿತ ನನ್ನ ಹಲ್ಲಿಗೇ ಅದು ತಿಳಿಯಿತು. ಹೋಗುವಾಗ ಬೆಣ್ಣೆಯಾಗಿದ್ದದ್ದು, ಅದೇ ಹೊಸ ಡಿಸ್ಕು.

ವೀರೇಶಪ್ಪ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ. ಆಮೇಲೆ ಶರಣಪ್ಪ, ನನಗೋ ತನಗೋ ಗೊತ್ತಿಲ್ಲ, ಹೇಳಿಕೊಂಡ. "ಕೆಂಡದಂಗ ಕಾದಿರ್ತದ. ಪ್ಯಾಡ್ ಹಿಡಿದ ಜಾಗ ಬಿಸಿನ ಉಳೀತದ, ಉಳಿದದ್ದಕ್ಕ ನೀರು ಬಿದ್ದು ಒಮ್ಮೆಲೆ ತಣ್ಣಗಾಗ್ತದ. ಒಂದ ಹಂಚಿನ್ಯಾಗ ಅರ್ಧ ಬೇಸಿಗಿ, ಅರ್ಧ ಚಳಿ. ಸೊಟ್ಟ ಆಗದ ಏನಾದೀತು?"

"ಮತ್ತ ರಫೀಕನ ಕೈ?" ಎಂದೆ.

ಅವನು ವೀರೇಶಪ್ಪನಿಗೆ ಕಾರು ತಿರುಗಿಸಲು ಕೈ ಮಾಡಿದ.

ತಿರುಗಿ ಓಣಿಗೆ ಬಂದಾಗ ಕಾರನ್ನು ಕೆಳಗೆ ಸಪಾಟು ಜಾಗದಲ್ಲೇ ಬಿಟ್ಟು ನಡೆದು ಏರಿದೆವು. ಮಾನಮ್ಮ ಬಾಗಿಲಲ್ಲೇ ನಿಂತಿದ್ದಳು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

"ಮಾನಿ, ಬ್ರೇಕ್ ಕೆಡಸಾಕತ್ತದ್ದು ನೀನು. ನಿನ್ನ ನೀರು."

"ಏನಂದಿ ಅಕ್ಕ?" ಗಡಿಗೆ ಅವಳ ಕೈಯಿಂದ ಜಾರಿ ಕಟ್ಟೆಯ ಮೇಲೆ ಒಡೆಯಿತು. "ನಾ ಅವರು ಬದುಕ್ಲಿ ಅಂತ ಹಾಕೀನಿ."

"ಗೊತ್ತದ. ಹಾಕಿದ್ದು ಬದುಕ್ಲಿ ಅಂತ, ಆದದ್ದು ಬ್ಯಾರೆ."

ಅವಳು ಗಡಿಗೆಯ ಚೂರು ಆರಿಸುತ್ತ ಕಟ್ಟೆಯ ಮೇಲೆ ಕುಳಿತಳು. ಒಳಗಿಂದ ರೇಣುಕಾ ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು. ನಾನು ಅವಳಿಗೆ ಓಡಬೇಡ ಎಂದು ಬೈದೆ. "ಹಂಗಾರ ನೀರು ಹಾಕೂದ ಬಿಡ್ಲೇನು?" ಎಂದು ಮಾನಮ್ಮ ಶರಣಪ್ಪನನ್ನು ಕೇಳಿದಳು. ಅಪರಾಧಿಯ ಹಾಗೆ ಕೇಳಿದಳು.

ಶರಣಪ್ಪ ಅವಳ ಪಕ್ಕ ಕುಳಿತ. "ಬಿಡಬ್ಯಾಡ ಚಿಗವ್ವ. ಕೆಳಗ ಸಪಾಟು ಜಾಗದಾಗ ನಿಲ್ಲಸ್ತಾರ. ಇಳದು ಬರ್ಲಿ, ಊಟ ಮಾಡ್ಲಿ. ಗಾಲಿ ತಣ್ಣಗಾದ ಮ್ಯಾಲೆ ಎಷ್ಟರ ಹಾಕು."

"ಇಳದ ಮ್ಯಾಲೆ ಹಾಕಿದ್ರ ನಡೀತದೇನು ಅಕ್ಕ?" ಎಂದು ನನ್ನನ್ನು ಕೇಳಿದಳು.

"ನಡೀತದ," ಎಂದೆ. ನಡೆಯುತ್ತದೋ ಇಲ್ಲವೋ ನನಗೇನು ಗೊತ್ತು? ಹೇಳುವವರು ಬೇಕಿತ್ತು, ಹೇಳಿದೆ.

ಇನ್ನು ಉಳಿದದ್ದು ಕಡೇಚೂರು. ಶರಣಪ್ಪ ಎರಡು ದಿನ ಅದು ಇದು ಎಂದು ದೂಡಿದ. ಮೂರನೆಯ ದಿನ ನಾನೇ ಸೆರಗು ಸಿಗಿಸಿಕೊಂಡು ಬಸ್ಸಿಗೆ ಹೊರಟೆ, ಆಗ ಹಿಂದೆ ಬಂದ. ಕಾರ್ಖಾನೆಯ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕಾದೆವು. ಪಾಳಿ ಬಿಟ್ಟಾಗ ರಫೀಕ ನೀಲಿ ಅಂಗಿ ತೊಟ್ಟುಕೊಂಡು ಬಂದ. ಸೊರಗಿದ್ದ. ಶರಣಪ್ಪ ನೀರಿನ ಕತೆ ಹೇಳಿದ. ರಫೀಕ ಕೇಳುತ್ತ ಕೇಳುತ್ತ ನೆಲಕ್ಕೆ ಕುಳಿತುಬಿಟ್ಟ.

"ನೀರು? ಯಾ ಅಲ್ಲಾ, ನೀರೇನೋ?"

"ನಂದು ತಪ್ಪಾತು ರಫೀಕ. ನಡಿ, ಮನಿಗೆ ಹೋಗೂಣು."

ರಫೀಕ ಎದ್ದು ಅಂಗಿಯ ಧೂಳು ಕೊಡವಿದ. "ಅಂದದ್ದು ಎಲ್ಲಿ? ಶೆಡ್ಡಿನ ಮುಂದ, ಮಂದಿ ಮುಂದ. ಇಲ್ಲಿ ಗಿಡದ ಕೆಳಗ ತಪ್ಪಾತು ಅಂದ್ರ ಯಾರಿಗೆ ಕೇಳಸ್ತದ? ಈ ಗಿಡಕ್ಕ?"

ಅವನು ಹೇಳಿದ್ದು ಸರಿಯಾಗಿತ್ತು. ನಾನು ಶರಣಪ್ಪನ ಮುಖ ನೋಡಿದೆ. ಅವನು ತಲೆಯಾಡಿಸಿದ.

ಮುಂಗಾರಿನ ಮಿರಗದ ಮೊದಲ ಮಳೆ ತಗಡಿನ ಮೇಲೆ ಬಡಿಯುತ್ತಿದ್ದ ದಿನ ರಫೀಕ ಬಂದ. ಸುದ್ದಿ ಕೇಳಿ ಜಗಳದ ದಿನ ಶೆಡ್ಡಿನಲ್ಲಿದ್ದವರಿಗಿಂತ ಹೆಚ್ಚು ಮಂದಿ ಕೂಡಿದ್ದರು. ವೀರೇಶಪ್ಪನೂ ಕಾರು ತಂದಿದ್ದ. ಶರಣಪ್ಪ ಅರ್ಧ ಗೋಡೆಯ ಪಕ್ಕ ನಿಂತು, ಮಳೆಯ ಸಪ್ಪಳದ ಮೇಲೆ ಕೂಗಿ ಹೇಳಿದ. "ರಫೀಕನ ಕೈ ನಡಗತದ ಅಂದಿದ್ದೆ. ಸುಳ್ಳು. ನನ್ನ ತಲಿ ಸರಿ ಇರಲಿಲ್ಲ. ಎಲ್ಲಾರೂ ಕೇಳ್ರಿ." ಟ್ರ್ಯಾಕ್ಟರಿನವನೊಬ್ಬ, "ಇನ್ನೊಮ್ಮೆ ಅನ್ನಪ, ಮಳ್ಯಾಗ ಕೇಳಸಲಿಲ್ಲ" ಎಂದು ಕಾಡಿದ. ಇನ್ನೊಮ್ಮೆಯೂ ಹೇಳಿದ.

ರಫೀಕ ತಾಡಪತ್ರಿ ತೆಗೆದ. ನೀರು ಕುಡಿದು ಸೊಟ್ಟಾದ ಹೊಸ ಡಿಸ್ಕುಗಳನ್ನು ಲೇತಿಗೆ ಕಟ್ಟಿ, ಎರಡೂ ಕೈಗಳಿಂದ ಹಿಡಿಕೆ ತಿರುಗಿಸುತ್ತ ಹೆರೆದ. ಕೂಡಿಸಿ ಗೇಜಿಟ್ಟಾಗ ಮಂದಿಯೆಲ್ಲ ಬಗ್ಗಿ ನೋಡಿದರು. ಮುಳ್ಳು ಅಲುಗಲಿಲ್ಲ. ಆ ಬ್ರೇಕ್ ಮತ್ತೆ ಒದೆಯಲಿಲ್ಲ. ಆಮೇಲೆ ರೇಣುಕಾಳನ್ನು ದವಾಖಾನೆಗೆ ಒಯ್ದದ್ದು ಅದೇ ಕಾರಿನಲ್ಲಿ.

ಮಂದಿ ಚದುರಿದ ಮೇಲೆ ಶರಣಪ್ಪ ಕಾರು ಓಡಿಸಿ ನೋಡಲು ಹೋದ. ನಾನು ರಫೀಕನಿಗೆ ಕಪ್ಪು ತುಂಬ ಚಹಾ ಹಾಕಿ ಕೊಟ್ಟೆ. ಅವನು ತೆಗೆದುಕೊಂಡ. ಕಪ್ಪು ಬಸಿಯ ಮೇಲೆ ಕಟಕಟ ಎಂದಿತು. ಚಹಾ ಚೆಲ್ಲಿ ಅವನ ಬೆರಳ ಮೇಲೆ ಇಳಿಯಿತು. ಅವನು ಬೇಗ ಅರ್ಧ ಗೋಡೆಯ ಮೇಲೆ ಇಟ್ಟುಬಿಟ್ಟ.

ನಾನು ಕಿಟ್ಲಿ ಕೆಳಗಿಟ್ಟೆ. ಆ ಬೇಸಿಗೆಯ ಉಳಿದ ಹೊಡೆತಗಳೆಲ್ಲ ಇದರ ಮುಂದೆ ಏನೂ ಅಲ್ಲ.

"ಯಾವಾಗಿಂದೋ?" ಎಂದೆ.

"ಅಂವಾ ಅಂದ ದಿನದಿಂದ ಅವ್ವ. ಲೇತಿನ ಮ್ಯಾಲೆ ಇಟ್ರ ನಿಲ್ತಾವ. ಉಳಿದ ಹೊತ್ತಿನ್ಯಾಗ ನಿಲ್ಲಂಗಿಲ್ಲ." ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ. "ಶರಣುಗ ಹೇಳಬ್ಯಾಡ್ರಿ."

ನಾನು ಹೇಳಿಲ್ಲ. ಶರಣಪ್ಪ ಗೋಡೆ ಒಡೆಯಲು ಹೋದಾಗ ರಫೀಕ, ಕಪ್ಪು ಇಡಲು ಆಗುತ್ತದೆ ಇರಲಿ ಬಿಡು ಎಂದ. ಹಾಗೆ ಅದು ಇಂದಿಗೂ ಸೊಂಟದೆತ್ತರಕ್ಕೆ ನಿಂತಿದೆ. ನಾನು ದಿನಾ ಎರಡು ಹೊತ್ತು ಚಹಾ ಒಯ್ಯುತ್ತೇನೆ. ಶರಣಪ್ಪನಿಗೆ ತುಂಬ ಹಾಕುತ್ತೇನೆ, ರಫೀಕನಿಗೆ ಅರ್ಧ ಕಪ್ಪು. ಅರ್ಧ ಇದ್ದರೆ ಚೆಲ್ಲುವುದಿಲ್ಲ. ಅದು ಮುಗಿದ ಮೇಲೆ ಇನ್ನರ್ಧ ಹಾಕುತ್ತೇನೆ.

"ಎಂಥ ಜಿಪುಣಿ ಇದ್ದೀಯವ್ವ, ಒಮ್ಮೆಲೆ ತುಂಬ ಹಾಕಾಕ ಬರಂಗಿಲ್ಲೇನು ಅವಗ?" ಎಂದು ಶರಣಪ್ಪ ಇಂದಿಗೂ ಅನ್ನುತ್ತಾನೆ.

ಅನ್ನಲಿ.